ಓಡಿದರೆ ತೊಡೆ ಕರಗುವುದಿಲ್ಲ

ಭಾರ ಎತ್ತಿ ಮೈ ಕಟ್ಟುವವನು ಓಡಬಾರದು, ಓಡಿದರೆ ಕಟ್ಟಿದ ಮೈಯೆಲ್ಲ ಇಳಿದುಹೋಗುತ್ತದೆ ಎಂಬ ಮಾತು ಚಿಕ್ಕಮಗಳೂರಿನ ಜಿಮ್‌ಗಳಲ್ಲಿ ಬಾಯಿಂದ ಬಾಯಿಗೆ ಸಾಗಿಬಂದಿದೆ. ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿರುವ ನಾನು, ಶಾಲೆಯ ಸಮಯದ ಹೊರಗೆ ಪೊಲೀಸ್ ಮತ್ತು ಸೇನೆಯ ನೇಮಕಾತಿಗೆ ತಯಾರಾಗುವ ಹುಡುಗ ಹುಡುಗಿಯರಿಗೆ ಮೈದಾನದಲ್ಲಿ ಅಭ್ಯಾಸ ಮಾಡಿಸುತ್ತೇನೆ. ಬೆಳಿಗ್ಗೆ ನನ್ನೊಡನೆ ಓಡಿ ಸಂಜೆ ಜಿಮ್‌ಗೆ ಹೋಗುವ ಇವರು, ಅಲ್ಲಿ ಯಾರೋ ಹೇಳಿದ್ದನ್ನು ಕೇಳಿಕೊಂಡು ಮರುದಿನ ಬಂದು, "ಸರ್, ದಿನಾ ಓಡಿದರೆ ತೊಡೆ ಕರಗುತ್ತಂತಲ್ಲ, ಹೌದಾ?" ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಮೈದಾನದಲ್ಲಿ ನಿಂತು ಎರಡು ಮಾತಿನಲ್ಲಿ ಉತ್ತರಿಸಿದರೆ ಸಾಲದು ಎನಿಸಿದ್ದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಇವರಿಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೇ ಇಲ್ಲ. ಅಗ್ನಿವೀರ್ ರ‍್ಯಾಲಿಯಲ್ಲಿ 1.6 ಕಿಲೋಮೀಟರ್ ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವರಿಗೆ 60 ಅಂಕ, 10 ಪುಲ್‌ಅಪ್ ತೆಗೆದವರಿಗೆ 40 ಅಂಕ. ಕರ್ನಾಟಕ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷ ಅಭ್ಯರ್ಥಿಗಳು 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು, 3.80 ಮೀಟರ್ ಉದ್ದ ಜಿಗಿಯಬೇಕು ಅಥವಾ 1.20 ಮೀಟರ್ ಎತ್ತರ ಹಾರಬೇಕು, 7.26 ಕಿಲೋ ತೂಕದ ಗುಂಡನ್ನು 5.60 ಮೀಟರ್ ಎಸೆಯಬೇಕು. ದಮ್ಮು, ಬಲ, ಚಿಮ್ಮುವ ಶಕ್ತಿ ಮೂರನ್ನೂ ಒಂದೇ ದೇಹದಿಂದ ಕೇಳುವ ಪರೀಕ್ಷೆಗಳು ಇವು.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಓಟ ಮತ್ತು ಭಾರದ ವ್ಯಾಯಾಮವನ್ನು ಒಟ್ಟಿಗೆ ಮಾಡುವುದರಿಂದ ಸ್ನಾಯುವಿನ ಬೆಳವಣಿಗೆಗೆ ನಷ್ಟವೇನಾದರೂ ಆದರೆ ಅದು ಬಹಳ ಸಣ್ಣದು. ನಿಜವಾಗಿ ಪೆಟ್ಟು ತಿನ್ನುವುದು ಕ್ಷಣಮಾತ್ರದಲ್ಲಿ ಬಲವನ್ನು ಹೊರಹಾಕುವ ಸಾಮರ್ಥ್ಯ, ಅಂದರೆ ಸ್ಫೋಟಕ ಬಲ. ನಮ್ಮ ಹುಡುಗರು ತೊಡೆಯ ಸುತ್ತಳತೆಯ ಬಗ್ಗೆ ಪಡುವ ಆತಂಕದಲ್ಲಿ ಅರ್ಧದಷ್ಟನ್ನು ಗುಂಡು ಎಸೆತದ ಬಗ್ಗೆ ಮತ್ತು ತಟ್ಟೆಯಲ್ಲಿರುವ ಊಟದ ಬಗ್ಗೆ ಪಟ್ಟರೆ ಅವರಿಗೆ ಹೆಚ್ಚು ಒಳ್ಳೆಯದಾಗುತ್ತದೆ.

ಓಟವು ಬಲಕ್ಕೆ ಅಡ್ಡಿ ಎಂಬ ವಿಚಾರಕ್ಕೆ ಗಟ್ಟಿಯಾದ ಮೂಲವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದ ರಾಬರ್ಟ್ ಹಿಕ್ಸನ್ ಸ್ವತಃ ಭಾರ ಎತ್ತುತ್ತಿದ್ದ ವಿಜ್ಞಾನಿ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಹೊಲೊಝಿ ಅವರ ಪ್ರಯೋಗಾಲಯಕ್ಕೆ ಸೇರಿ, ಅವರ ಜೊತೆ ಓಡತೊಡಗಿದ ಮೇಲೆ ತನ್ನ ಬಲ ಕುಂದುತ್ತಿರುವುದನ್ನು ಕಂಡು, ಮುಂದೆ ಅದನ್ನೇ ಪ್ರಯೋಗಕ್ಕೆ ಒಡ್ಡಿದರು. 1980ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದು ಗುಂಪು ವಾರಕ್ಕೆ 5 ದಿನ ಭಾರದ ವ್ಯಾಯಾಮ ಮಾಡಿತು, ಇನ್ನೊಂದು ಗುಂಪು ವಾರಕ್ಕೆ 6 ದಿನ ಸುಮಾರು 40 ನಿಮಿಷ ತೀವ್ರವಾಗಿ ಸೈಕಲ್ ತುಳಿಯುವುದು ಮತ್ತು ಓಡುವುದು ಮಾಡಿತು, ಮೂರನೆಯ ಗುಂಪು ಎರಡನ್ನೂ ಪೂರ್ತಿಯಾಗಿ ಮಾಡಿತು. ಮೊದಲ 7 ವಾರಗಳವರೆಗೆ ಮೂರನೆಯ ಗುಂಪಿನವರ ಕಾಲಿನ ಬಲವು ಭಾರ ಮಾತ್ರ ಎತ್ತಿದವರಷ್ಟೇ ವೇಗವಾಗಿ ಏರಿತು. ಅನಂತರ ಏರಿಕೆ ನಿಂತು, 9 ಮತ್ತು 10ನೆಯ ವಾರಗಳಲ್ಲಿ ಇಳಿಯಿತು. ದಮ್ಮಿನ ಅಳತೆಯಲ್ಲಿ ಮಾತ್ರ ಅವರು ಓಡಿದವರಿಗೆ ಸರಿಸಮನಾಗಿಯೇ ಉಳಿದರು.

ಈ ಫಲಿತಾಂಶವನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿಯೆಂದರೆ, ಆ ಮೂರನೆಯ ಗುಂಪಿನವರ ಕಾಲುಗಳು ವಾರದಲ್ಲಿ 11 ಬಾರಿ ದಣಿಯುತ್ತಿದ್ದವು ಎಂಬುದು. ವಾರಕ್ಕೆ ಮೂರು ದಿನ ಭಾರ ಎತ್ತಿ ಮೂರು ದಿನ ಹದವಾಗಿ ಓಡುವ ನಮ್ಮ ಊರಿನ ಹುಡುಗನಿಗೂ ಆ ಪ್ರಯೋಗಕ್ಕೂ ಬಹಳ ಅಂತರವಿದೆ. ಅಲ್ಲದೆ ಕುಸಿದದ್ದು ಎತ್ತಬಲ್ಲ ಭಾರ. ಸ್ನಾಯು ಕರಗಿತೆಂದು ಆ ಅಧ್ಯಯನ ಎಲ್ಲಿಯೂ ತೋರಿಸಿಲ್ಲ. ಆಯಾಸ ಕಳೆಯುವ ಮುನ್ನವೇ ಪರೀಕ್ಷೆಗೆ ನಿಂತ ದೇಹ ತನ್ನ ನಿಜವಾದ ಬಲವನ್ನು ತೋರಿಸಲಾರದು ಎಂಬುದನ್ನು ಮೈದಾನದಲ್ಲಿ ಕೆಲಸ ಮಾಡುವ ಯಾರು ಬೇಕಾದರೂ ಒಪ್ಪುತ್ತಾರೆ.

ಹಿಕ್ಸನ್ ಅವರ ನಂತರದ ದಶಕಗಳಲ್ಲಿ ಓಟಕ್ಕೂ ಬಲಕ್ಕೂ ನಡುವಿನ ಈ ವಿರೋಧಕ್ಕೆ ಜೀವಕೋಶದ ಮಟ್ಟದಲ್ಲಿ ಕಾರಣ ಹುಡುಕುವ ಕೆಲಸ ನಡೆಯಿತು. ಭಾರ ಎತ್ತಿದಾಗ ಸ್ನಾಯುವಿನ ಕೋಶದಲ್ಲಿ ಎಂಟಾರ್ ಎಂಬ ಪ್ರೋಟೀನು ಚುರುಕಾಗಿ, ಹೊಸ ಸ್ನಾಯು ಪ್ರೋಟೀನುಗಳ ತಯಾರಿಕೆಗೆ ಚಾಲನೆ ನೀಡುತ್ತದೆ. ದೀರ್ಘಕಾಲ ಓಡಿದಾಗ ಕೋಶದ ಇಂಧನ ಕಡಿಮೆಯಾಗುತ್ತಿರುವುದನ್ನು ಎಎಂಪಿಕೆ ಎಂಬ ಕಿಣ್ವ ಗುರುತಿಸುತ್ತದೆ. ಕಣಜದಲ್ಲಿ ಕಾಳು ತಗ್ಗಿದಾಗ ಮನೆಯ ಯಜಮಾನ ಹೊಸ ಕಟ್ಟಡದ ಕೆಲಸವನ್ನು ಮುಂದೂಡುವಂತೆ, ಅದು ಎಂಟಾರ್‌ನ ಕೆಲಸವನ್ನು ತಡೆಹಿಡಿದು, ಇಂಧನವನ್ನು ಚೆನ್ನಾಗಿ ಬಳಸುವ ಮೈಟೋಕಾಂಡ್ರಿಯಾಗಳನ್ನು ಹೆಚ್ಚಿಸುವ ಕಡೆಗೆ ಕೋಶವನ್ನು ತಿರುಗಿಸುತ್ತದೆ. 2005ರಲ್ಲಿ ಇಲಿಯ ಸ್ನಾಯುಗಳಿಗೆ ಎರಡು ಬಗೆಯ ವಿದ್ಯುತ್ ಪ್ರಚೋದನೆ ಕೊಟ್ಟು ನಡೆಸಿದ ಪ್ರಯೋಗವೊಂದು ಈ ಎರಡು ದಾರಿಗಳು ಒಂದಕ್ಕೊಂದು ಎದುರಾಗಿವೆ ಎಂಬ ಚಿತ್ರವನ್ನು ಬಹಳ ಸ್ಪಷ್ಟವಾಗಿ ಕೊಟ್ಟಿತು.

ಮನುಷ್ಯರಲ್ಲಿ ಈ ಚಿತ್ರ ಅಷ್ಟು ಸ್ಪಷ್ಟವಾಗಿಲ್ಲ. ಹೊಸದಾಗಿ ವ್ಯಾಯಾಮ ಶುರುಮಾಡಿದವನಲ್ಲಿ ಓಟವೂ ಭಾರವೂ ಎರಡೂ ದಾರಿಗಳನ್ನು ಒಂದಿಷ್ಟು ತೆರೆಯುತ್ತವೆ. ವರ್ಷಗಟ್ಟಲೆ ಅಭ್ಯಾಸ ಮಾಡಿದವನಲ್ಲಿ ಮಾತ್ರ ಅವು ಬೇರೆಬೇರೆಯಾಗುತ್ತ ಹೋಗುತ್ತವೆ. ಜೊತೆಗೆ, ಓಟದಿಂದ ಏರಿದ ಎಎಂಪಿಕೆ ಕೆಲವೇ ಗಂಟೆಗಳಲ್ಲಿ ತನ್ನ ಮೂಲಸ್ಥಿತಿಗೆ ಇಳಿಯುತ್ತದೆ, ಭಾರ ಎತ್ತಿದ ಮೇಲೆ ಸ್ನಾಯು ಕಟ್ಟುವ ಕೆಲಸವಾದರೋ ಒಂದು ದಿನ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಮುಂದುವರಿಯುತ್ತದೆ. ಬೆಳಗಿನ ಓಟವು ಸಂಜೆಯ ಭಾರದ ಮೇಲೆ ಕೋಶದೊಳಗಿನ ಸಂಕೇತಗಳ ಮೂಲಕ ದೊಡ್ಡ ಪರಿಣಾಮ ಬೀರಲಾರದು ಎಂದು ನಾನು ಧೈರ್ಯವಾಗಿ ಹೇಳುವುದಕ್ಕೆ ಇದೇ ಕಾರಣ.

ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಯೋಗ ಸ್ವೀಡನ್ನಿನದು. 2013ರಲ್ಲಿ ಪ್ರಕಟವಾದ ಇದರಲ್ಲಿ ಟಾಮಿ ಲುಂಡ್‌ಬರ್ಗ್ ಮತ್ತು ಸಂಗಡಿಗರು 10 ಮಂದಿ ಪುರುಷರ ಎರಡು ಕಾಲುಗಳನ್ನೇ ಒಂದಕ್ಕೊಂದು ಹೋಲಿಸಿದರು. ಒಂದು ಕಾಲಿಗೆ ಬಲದ ವ್ಯಾಯಾಮ ಮಾತ್ರ. ಇನ್ನೊಂದು ಕಾಲಿಗೆ ಅದೇ ಬಲದ ವ್ಯಾಯಾಮದ ಜೊತೆಗೆ, 6 ಗಂಟೆ ಮುಂಚಿತವಾಗಿ, 45 ನಿಮಿಷ ಒಂದೇ ಕಾಲಿನಿಂದ ಸೈಕಲ್ ತುಳಿಯುವ ವ್ಯಾಯಾಮ. ಒಬ್ಬನದೇ ಎರಡು ಕಾಲುಗಳಾದ್ದರಿಂದ ಊಟ, ನಿದ್ದೆ, ವಂಶಗುಣ ಎಲ್ಲವೂ ಎರಡಕ್ಕೂ ಒಂದೇ. 5 ವಾರಗಳ ನಂತರ ಅಳೆದು ನೋಡಿದಾಗ ಬಲದ ವ್ಯಾಯಾಮ ಮಾತ್ರ ಮಾಡಿದ ಕಾಲಿನ ಮುಂದೊಡೆಯ ಸ್ನಾಯುವಿನ ಗಾತ್ರ ಶೇ 8ರಷ್ಟು ಹೆಚ್ಚಿದ್ದರೆ, ಎರಡನ್ನೂ ಮಾಡಿದ ಕಾಲಿನಲ್ಲಿ ಶೇ 14ರಷ್ಟು ಹೆಚ್ಚಿತ್ತು. ದಮ್ಮಿನ ವ್ಯಾಯಾಮ ಬೆಳವಣಿಗೆಯನ್ನು ತಡೆಯದಿದ್ದದ್ದಷ್ಟೇ ಅಲ್ಲ, ಅದಕ್ಕೆ ಇನ್ನಷ್ಟು ಸೇರಿಸಿದಂತೆಯೇ ಕಂಡಿತು. ಅವಧಿ ಚಿಕ್ಕದು, ಭಾಗವಹಿಸಿದವರೂ ಕಡಿಮೆ. ಆದರೂ ಒಂದೇ ದೇಹದೊಳಗೆ ಹೋಲಿಕೆ ನಡೆದಿರುವುದರಿಂದ ನನ್ನ ದೃಷ್ಟಿಯಲ್ಲಿ ಇದಕ್ಕೆ ಹೆಚ್ಚಿನ ತೂಕವಿದೆ.

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರ ತೀರ್ಮಾನವೂ ಕಾಲಕ್ರಮದಲ್ಲಿ ಬದಲಾಗಿದೆ. 2012ರಲ್ಲಿ 21 ಅಧ್ಯಯನಗಳನ್ನು ಕೂಡಿಸಿ ನೋಡಿದ ಜೇಕಬ್ ವಿಲ್ಸನ್ ಮತ್ತು ಸಂಗಡಿಗರು, ಅಡ್ಡಿ ಇರುವುದು ನಿಜ, ಅದು ಮುಖ್ಯವಾಗಿ ಕಾಲುಗಳಲ್ಲಿ ಕಾಣುತ್ತದೆ, ಓಟದಿಂದ ಹೆಚ್ಚು ಮತ್ತು ಸೈಕಲ್‌ನಿಂದ ಕಡಿಮೆ, ಹಾಗೂ ದಮ್ಮಿನ ವ್ಯಾಯಾಮದ ದಿನಗಳೂ ಅವಧಿಯೂ ಹೆಚ್ಚಿದಂತೆ ಅಡ್ಡಿಯೂ ಹೆಚ್ಚುತ್ತದೆ ಎಂದು ಹೇಳಿದರು. 2022ರಲ್ಲಿ ಮೊರಿಟ್ಜ್ ಶೂಮನ್ ಮತ್ತು ಸಂಗಡಿಗರು 43 ಅಧ್ಯಯನಗಳನ್ನು ಪರಿಶೀಲಿಸಿದಾಗ, ಇಡೀ ಸ್ನಾಯುವಿನ ಬೆಳವಣಿಗೆಗೂ ಗರಿಷ್ಠ ಬಲಕ್ಕೂ ಗಮನಾರ್ಹ ಅಡ್ಡಿ ಕಾಣಲಿಲ್ಲ. ಸ್ಫೋಟಕ ಬಲಕ್ಕೆ ಮಾತ್ರ, ಅದರಲ್ಲೂ ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡಿದಾಗ, ಪೆಟ್ಟು ಬೀಳುವುದು ಕಂಡುಬಂತು. ಅದೇ ವರ್ಷ ಬಂದ ಇನ್ನೊಂದು ಪರಿಶೀಲನೆಯು ಸ್ನಾಯುವಿನ ಒಂದೊಂದು ತಂತುವಿನ ಮಟ್ಟದಲ್ಲಿ ನೋಡಿ, ಬೆಳವಣಿಗೆಯಲ್ಲಿ ಸಣ್ಣ ಕೊರತೆಯನ್ನು ಗುರುತಿಸಿತು. ಅದೂ ಸೈಕಲ್ ತುಳಿದವರಿಗಿಂತ ಓಡಿದವರಲ್ಲಿ ಹೆಚ್ಚಾಗಿತ್ತು. ಹೊರಗಿನಿಂದ ಟೇಪು ಹಿಡಿದು ಅಳೆಯುವವನಿಗೆ ಈ ಕೊರತೆ ಕಾಣುವಷ್ಟಿಲ್ಲ, ಆದರೆ ಓಟ ಮತ್ತು ಸೈಕಲ್‌ಗಳ ನಡುವಿನ ವ್ಯತ್ಯಾಸ ಮತ್ತೆ ಮತ್ತೆ ತಲೆಯೆತ್ತುತ್ತಿರುವುದನ್ನು ನಾವು ಗಂಭೀರವಾಗಿ ತೆಗೆದುಕೊಳ್ಳಬೇಕು.

ಈ ವ್ಯತ್ಯಾಸಕ್ಕೆ ಬಹುಮಟ್ಟಿಗೆ ಒಪ್ಪಿತವಾದ ವಿವರಣೆ ನಮ್ಮ ಗುಡ್ಡಗಾಡಿನವರಿಗೆ ನೇರವಾಗಿ ಸಂಬಂಧಿಸಿದೆ. ಸೈಕಲ್ ತುಳಿಯುವಾಗ ತೊಡೆಯ ಸ್ನಾಯು ಕುಗ್ಗುತ್ತಲೇ ಬಲ ಹಾಕುತ್ತದೆ. ಓಡುವಾಗ ಪ್ರತಿ ಹೆಜ್ಜೆಯಲ್ಲೂ ಕಾಲು ನೆಲಕ್ಕೆ ತಾಗಿದ ಕ್ಷಣ ದೇಹದ ತೂಕವನ್ನು ತಡೆಯಲು ಅದೇ ಸ್ನಾಯು ಹಿಗ್ಗುತ್ತಲೇ ಬಲ ಹಾಕಬೇಕಾಗುತ್ತದೆ. ಹೀಗೆ ಹಿಗ್ಗುತ್ತ ದುಡಿದಾಗ ತಂತುಗಳಲ್ಲಿ ಸೂಕ್ಷ್ಮ ಹಾನಿ ಹೆಚ್ಚು, ನೋವು ಒಂದರಿಂದ ಮೂರು ದಿನ ಉಳಿಯುತ್ತದೆ, ಅಷ್ಟು ಕಾಲ ಸ್ನಾಯುವಿನ ಬಲವೂ ತಗ್ಗಿರುತ್ತದೆ. ಇಳಿಜಾರಿನಲ್ಲಿ ಓಡಿದರೆ ಇದು ಇನ್ನೂ ಹೆಚ್ಚು.

ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಸರ್ಪದಾರಿಯಲ್ಲಿ ಹತ್ತಿ ಇಳಿದವರಿಗೆ ಇದು ಅನುಭವಕ್ಕೆ ಬಂದಿರುತ್ತದೆ. ಹತ್ತುವಾಗ ಏದುಸಿರು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಆದರೆ ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯಲಾಗದಂತೆ ತೊಡೆ ಹಿಡಿದುಕೊಳ್ಳುವುದು ಇಳಿದದ್ದರ ಫಲ. ಹೃದಯ ಮತ್ತು ಶ್ವಾಸಕೋಶಕ್ಕೆ ಬೇಕಾದ ದುಡಿಮೆಯೆಲ್ಲ ಏರಿನಲ್ಲೇ ಸಿಗುತ್ತದೆ, ಸ್ನಾಯುವಿಗೆ ಬೀಳುವ ದೊಡ್ಡ ಪೆಟ್ಟು ಇಳಿಜಾರಿನದು. ಆದ್ದರಿಂದ ಕಾಲಿನ ಸ್ನಾಯು ಬೆಳೆಸುವುದನ್ನೇ ಮುಖ್ಯ ಗುರಿಯಾಗಿಟ್ಟುಕೊಂಡವರಿಗೆ ನಾನು ಕೊಡುವ ಸಲಹೆ, ಕೈಮರದ ಕಡೆಯ ಏರುದಾರಿಯಲ್ಲಿ ಓಡಿ, ಇಳಿಯುವಾಗ ನಡೆದುಕೊಂಡು ಅಥವಾ ಯಾರದಾದರೂ ಗಾಡಿಯಲ್ಲಿ ಕುಳಿತು ಬನ್ನಿ ಎಂಬುದು. ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಬಯಲಿನಲ್ಲಿ ಓಡುವವರಿಗೆ ಈ ತೊಂದರೆ ಕಡಿಮೆ. ಕೊಪ್ಪ, ಮೂಡಿಗೆರೆ, ಸಕಲೇಶಪುರದವರಿಗೆ ಮನೆಯ ಮುಂದಿನ ರಸ್ತೆಯೇ ಇಳಿಜಾರು. ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾದಂಥ ದೂರದ ಓಟಗಳಲ್ಲಿ ಭಾಗವಹಿಸುವವರು ಮಾತ್ರ ಇಳಿಜಾರನ್ನು ಬಿಡುವಂತಿಲ್ಲ, ಏಕೆಂದರೆ ಅಂಥ ಹಾನಿಗೆ ಸ್ನಾಯು ಒಗ್ಗಿಕೊಳ್ಳುವುದು ಅದಕ್ಕೆ ಸ್ವಲ್ಪಸ್ವಲ್ಪವಾಗಿ ಒಡ್ಡಿದಾಗಲೇ. ಅವರು ಇಳಿಜಾರಿನ ಓಟದ ಮರುದಿನ ಸ್ಕ್ವಾಟ್, ಅಂದರೆ ಭಾರ ಹೊತ್ತು ಕುಳಿತು ಏಳುವ ವ್ಯಾಯಾಮ, ಇಟ್ಟುಕೊಳ್ಳದಿದ್ದರೆ ಸಾಕು.

ಈಗ ಸ್ಫೋಟಕ ಬಲದ ವಿಷಯಕ್ಕೆ ಬರುತ್ತೇನೆ. ಗುಂಡು ಎಸೆಯುವವನ ಕಾಲಿನಿಂದ ಹೊರಟ ಬಲ ಸೊಂಟ ಮತ್ತು ಭುಜವನ್ನು ದಾಟಿ ಬೆರಳ ತುದಿಗೆ ತಲುಪುವುದಕ್ಕೆ ಸೆಕೆಂಡಿನ ಒಂದು ಭಾಗ ಸಾಕು. ಉದ್ದ ಜಿಗಿತದಲ್ಲಿ ಕಾಲು ಹಲಗೆಯ ಮೇಲಿರುವ ಕಾಲ ಅದಕ್ಕಿಂತಲೂ ಕಡಿಮೆ. ಅಷ್ಟರೊಳಗೆ ಎಷ್ಟು ಬಲವನ್ನು ಹೊರಹಾಕಬಲ್ಲ ಎಂಬುದು ಸ್ನಾಯುವಿನ ದಪ್ಪಕ್ಕಿಂತ ಹೆಚ್ಚಾಗಿ ನರಗಳು ಎಷ್ಟು ಬೇಗ ಎಷ್ಟು ತಂತುಗಳನ್ನು ಎಬ್ಬಿಸುತ್ತವೆ ಎಂಬುದನ್ನು ಅವಲಂಬಿಸಿದೆ. ಫಿನ್ಲೆಂಡಿನ ಕೆಯ್ಯೊ ಹ್ಯಾಕಿನೆನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ 21 ವಾರಗಳ ಅಧ್ಯಯನದಲ್ಲಿ, ವಾರಕ್ಕೆ ಕೆಲವೇ ದಿನ ಎರಡೂ ಬಗೆಯ ವ್ಯಾಯಾಮ ಮಾಡಿದವರ ಸ್ನಾಯುವೂ ಬೆಳೆಯಿತು, ಗರಿಷ್ಠ ಬಲವೂ ಏರಿತು. ಬಲವನ್ನು ವೇಗವಾಗಿ ಹೊರಹಾಕುವ ಸಾಮರ್ಥ್ಯ ಮಾತ್ರ ಭಾರವನ್ನಷ್ಟೇ ಎತ್ತಿದವರಲ್ಲಿ ಸುಧಾರಿಸಿದಂತೆ ಅವರಲ್ಲಿ ಸುಧಾರಿಸಲಿಲ್ಲ. ಕನ್ನಡಿಯ ಮುಂದೆ ನಿಂತಾಗ ಏನೂ ಕಡಿಮೆಯಾದಂತೆ ತೋರದ, ಆದರೆ ಪರೀಕ್ಷೆಯ ದಿನ ಮೈದಾನದಲ್ಲಿ ಅಂಗುಲಗಳ ಲೆಕ್ಕದಲ್ಲಿ ಕೈಕೊಡುವ ನಷ್ಟ ಇದು.

ಆ ಕಾರಣದಿಂದ ಪೊಲೀಸ್ ಪರೀಕ್ಷೆಗೆ ತಯಾರಾಗುವವರಿಗೆ ಜಿಗಿತ ಮತ್ತು ಗುಂಡು ಎಸೆತವನ್ನು ನಾನು ಓಟದ ನಂತರ ಮಾಡಿಸುವುದೇ ಇಲ್ಲ. ಮೈ ಬೆಚ್ಚಗಾದ ಕೂಡಲೇ, ಕಾಲು ಹೊಸದಾಗಿರುವಾಗಲೇ, ಕಡಿಮೆ ಸಂಖ್ಯೆಯಲ್ಲಿ, ಪ್ರತಿ ಪ್ರಯತ್ನದ ನಡುವೆ ಪೂರ್ತಿ ವಿಶ್ರಾಂತಿ ಕೊಟ್ಟು ಅವನ್ನು ಮಾಡಿಸುತ್ತೇನೆ. ದೂರದ ಓಟವನ್ನು ಬೇರೆ ದಿನಕ್ಕೆ ಇಡುತ್ತೇನೆ. 1,600 ಮೀಟರಿಗೆ ತಯಾರಾಗುವವನು ದಿನಾ ಹತ್ತು ಕಿಲೋಮೀಟರ್ ಓಡಬೇಕೆಂಬ ಹಟ ನಮ್ಮಲ್ಲಿ ಬಹಳ ಇದೆ. ನಾನು ಇದನ್ನು ಬಲವಾಗಿ ವಿರೋಧಿಸುತ್ತೇನೆ. ಆರೂವರೆ ನಿಮಿಷದ ಓಟಕ್ಕೆ ಬೇಕಾದದ್ದು ವಾರಕ್ಕೆ ಒಂದೆರಡು ದಿನ 400 ಮೀಟರಿನ ವೇಗದ ಸುತ್ತುಗಳು ಮತ್ತು ಒಂದೆರಡು ದಿನ ಮಾತಾಡುತ್ತ ಓಡಬಲ್ಲಂಥ ನಿಧಾನದ ಓಟ; ಅದಕ್ಕಿಂತ ಹೆಚ್ಚಿನದು ಗುಂಡು ಎಸೆತದ ಲೆಕ್ಕದಲ್ಲಿ ಸಾಲವಾಗಿ ಸೇರುತ್ತದೆ.

ಒಂದೇ ಹೊತ್ತಿನಲ್ಲಿ ಎರಡನ್ನೂ ಮುಗಿಸಲೇಬೇಕಾದವರು ಭಾರವನ್ನು ಮೊದಲು, ಓಟವನ್ನು ಆಮೇಲೆ ಮಾಡುವುದು ಮೇಲು. ಕಾಲಿನ ಬಲದ ಏರಿಕೆಗೆ ಈ ಕ್ರಮ ಸ್ವಲ್ಪ ಅನುಕೂಲ. ಸ್ನಾಯುವಿನ ಗಾತ್ರಕ್ಕೆ ಕ್ರಮದಿಂದ ವ್ಯತ್ಯಾಸ ಕಂಡಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಬಿಡಿಸಿಕೊಳ್ಳಬಲ್ಲವರಿಗೆ ಆರು ಗಂಟೆಯಾದರೂ ಅಂತರ ಸಿಗುತ್ತದೆ, ಅದು ಇನ್ನೂ ಒಳ್ಳೆಯದು. ಎದೆ, ಬೆನ್ನು, ತೋಳುಗಳ ವ್ಯಾಯಾಮವನ್ನು ಓಟದ ದಿನಕ್ಕೂ, ತೊಡೆ ಮತ್ತು ಮೀನಖಂಡದ್ದನ್ನು ಓಟವಿಲ್ಲದ ದಿನಕ್ಕೂ ಇಟ್ಟುಕೊಂಡರೆ ಸಮಸ್ಯೆಯ ಬಹುಪಾಲು ತಾನಾಗಿಯೇ ಕರಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ನನ್ನ ಕಣ್ಣ ಮುಂದೆ ಓಡಿ ಓಡಿ ಸೊರಗಿದ ಹುಡುಗರಿದ್ದಾರೆ ಎಂಬುದು ನಿಜ, ಜಿಮ್‌ನ ನಂಬಿಕೆ ಹುಟ್ಟಿದ್ದೂ ಇಂಥವರನ್ನು ನೋಡಿಯೇ ಇರಬೇಕು. ಅವರನ್ನು ಸೊರಗಿಸಿದ್ದು ಊಟದ ಕೊರತೆ. ಓಟ ಮತ್ತು ಭಾರ ಎರಡನ್ನೂ ಮಾಡುವ ದೇಹ ದಿನಕ್ಕೆ ನೂರಾರು ಕ್ಯಾಲೊರಿ ಹೆಚ್ಚು ಖರ್ಚು ಮಾಡುತ್ತದೆ; ತಟ್ಟೆ ಮೊದಲಿನಷ್ಟೇ ಇದ್ದರೆ ಸ್ನಾಯು ಕಟ್ಟಲು ಮಿಗುವುದೇನೂ ಇರುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಸಾಮಾನ್ಯ ವಯಸ್ಕರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನು ಸಾಕು. ಭಾರ ಎತ್ತಿ ಸ್ನಾಯು ಬೆಳೆಸುವವರಲ್ಲಿ ಲಾಭವು ಸುಮಾರು 1.6 ಗ್ರಾಂವರೆಗೆ ಏರುತ್ತ ಹೋಗುತ್ತದೆ ಎಂದು 2018ರ ಒಂದು ದೊಡ್ಡ ಪರಿಶೀಲನೆ ತೋರಿಸಿದೆ. 65 ಕಿಲೋ ತೂಕದ ಹುಡುಗನಿಗೆ ಇದು ದಿನಕ್ಕೆ 54 ಗ್ರಾಂ ಮತ್ತು 104 ಗ್ರಾಂಗಳ ನಡುವಿನ ವ್ಯತ್ಯಾಸ.

ಬೆಳಿಗ್ಗೆ ಅಕ್ಕಿರೊಟ್ಟಿ ಚಟ್ನಿ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಮತ್ತೆ ಅನ್ನ ಎಂದು ಉಣ್ಣುವ ಮನೆಯಲ್ಲಿ ನೂರು ಗ್ರಾಂ ಪ್ರೋಟೀನು ತಲುಪುವುದು ಕಷ್ಟ. ಆದರೆ ಅದಕ್ಕಾಗಿ ಸಾವಿರಾರು ರೂಪಾಯಿಯ ಪುಡಿಯ ಡಬ್ಬಿ ಕೊಳ್ಳಬೇಕಾಗಿಲ್ಲ. ನೂರು ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ, ಕಡಲೆಕಾಯಿ ಬೀಜದಲ್ಲಿ 24 ಗ್ರಾಂನಷ್ಟು ಪ್ರೋಟೀನಿದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ದೊಡ್ಡ ಲೋಟ ಹಾಲಿನಲ್ಲಿ 8 ಗ್ರಾಂ. ಹಾಸನದ ಕಡೆಯ ರಾಗಿಮುದ್ದೆಗೆ ದೊಡ್ಡ ಹೆಸರಿದ್ದರೂ ನೂರು ಗ್ರಾಂ ರಾಗಿಯಲ್ಲಿ ಪ್ರೋಟೀನು ಇರುವುದು 7 ಗ್ರಾಂನಷ್ಟೇ; ಮುದ್ದೆಯ ಜೊತೆಗಿರುವ ಕಾಳಿನ ಸಾರು ಗಟ್ಟಿಯಾಗಿದ್ದಾಗ, ಮತ್ತು ಕಟ್ಟನ್ನಷ್ಟೇ ಅಲ್ಲದೆ ಕಾಳನ್ನೂ ಬಡಿಸಿಕೊಂಡಾಗ, ಆ ಊಟಕ್ಕೆ ತೂಕ ಬರುತ್ತದೆ. ಮೊಳಕೆ ಹುರುಳಿ, ಮೊಟ್ಟೆ, ಮೀನು, ಸೋಯಾ, ಮೊಸರು ಇವುಗಳಲ್ಲಿ ಮನೆಗೆ ಒಗ್ಗುವಂಥದ್ದನ್ನು ಮೂರು ಹೊತ್ತಿಗೂ ಹಂಚಿಕೊಂಡರೆ ಲೆಕ್ಕ ಮುಟ್ಟುತ್ತದೆ. ಹುಡುಗಿಯರ ವಿಷಯದಲ್ಲಿ ನನಗೆ ಇನ್ನೂ ಹೆಚ್ಚು ಕಾಳಜಿ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ರೂಢಿ ಇರುವ ಮನೆಗಳಿಂದ ಬಂದು ಅವರು ನಸುಕಿನಲ್ಲಿ ಖಾಲಿ ಹೊಟ್ಟೆಯಲ್ಲಿ ಓಡುತ್ತಾರೆ, ಆದ್ದರಿಂದ ಅವರ ತಾಯಂದಿರೊಡನೆ ಊಟದ ಬಗ್ಗೆ ಮಾತಾಡುವುದನ್ನು ನಾನು ತರಬೇತಿಯ ಭಾಗವೆಂದೇ ಎಣಿಸಿದ್ದೇನೆ.

ನಮ್ಮ ಕಡೆ ಇನ್ನೊಂದು ಸಂಗತಿಯೂ ಲೆಕ್ಕಕ್ಕೆ ಬರಬೇಕು. ನವೆಂಬರಿನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲಿನ ಕಾಲದಲ್ಲಿ ಅನೇಕ ಹುಡುಗರು ತೋಟಕ್ಕೆ ಹೋಗುತ್ತಾರೆ. ಇಳಿಜಾರಿನಲ್ಲಿ ದಿನವಿಡೀ ಹತ್ತಿ ಇಳಿದು, ಹಣ್ಣು ತುಂಬಿದ ಚೀಲ ಹೊತ್ತು ತರುವವರ ಕಾಲುಗಳು ಸಂಜೆಗೆ ಓಟಗಾರನ ಕಾಲುಗಳಷ್ಟೇ ದಣಿದಿರುತ್ತವೆ. ಅದರ ಮೇಲೆ ಓಟವನ್ನೂ ಪೂರ್ತಿ ಭಾರವನ್ನೂ ಹೇರಿದರೆ ಹಿಕ್ಸನ್ ಅವರ ಮೂರನೆಯ ಗುಂಪಿನ ಸ್ಥಿತಿ ಬರುತ್ತದೆ. ಬೆಳೆದ ಸ್ನಾಯುವನ್ನು ಉಳಿಸಿಕೊಳ್ಳುವುದಕ್ಕೆ ಬೆಳೆಸುವಾಗಿನಷ್ಟು ದುಡಿಮೆ ಬೇಡ. 2011ರ ಅಧ್ಯಯನವೊಂದರಲ್ಲಿ 16 ವಾರ ಕ್ರಮವಾಗಿ ಭಾರ ಎತ್ತಿದ ಯುವಕ ಯುವತಿಯರು, ಆಮೇಲಿನ 32 ವಾರ ವಾರಕ್ಕೆ ಒಂದೇ ದಿನ, ಮೊದಲಿನ ಒಂಬತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಮಾಡಿಯೂ ಸ್ನಾಯುವಿನ ಗಾತ್ರವನ್ನು ಉಳಿಸಿಕೊಂಡರು. ಅರವತ್ತು ದಾಟಿದವರಿಗೆ ಅಷ್ಟು ಸಾಲಲಿಲ್ಲ, ಮೊದಲಿನ ಮೂರರಲ್ಲಿ ಒಂದು ಪಾಲು ಮಾಡಿದವರೂ ಗಾತ್ರ ಕಳೆದುಕೊಂಡರು. ಬೆಳಗಿನ ವಾಕಿಂಗ್ ಮಾತ್ರ ಸಾಕೆಂದು ತಿಳಿದಿರುವ ಹಿರಿಯರು, ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ವಾರಕ್ಕೆ ಕನಿಷ್ಠ 2 ದಿನ ಬಲದ ವ್ಯಾಯಾಮವನ್ನೂ ವರ್ಷವಿಡೀ ಮಾಡುವುದು ಅವಶ್ಯ. ಹುಡುಗರಿಗೆ ಮಾತ್ರ ಕೊಯ್ಲಿನ ತಿಂಗಳುಗಳಲ್ಲಿ ಭಾನುವಾರ ಒಂದು ದಿನ ಸ್ಕ್ವಾಟ್, ಪುಲ್‌ಅಪ್ ಮತ್ತು ಕೆಲವು ಜಿಗಿತಗಳು, ವಾರದ ನಡುವೆ ಒಂದು ಸಣ್ಣ ವೇಗದ ಓಟ, ಇಷ್ಟನ್ನೇ ಹೇಳುತ್ತೇನೆ. ಕೊಯ್ಲು ಮುಗಿದ ಮೇಲೆ ಮೊದಲು ಭಾರದ ದಿನಗಳನ್ನೂ, ತೊಡೆ ಹೊಸ ಕ್ರಮಕ್ಕೆ ಒಗ್ಗಿ ನೋವು ತಗ್ಗಿದ ನಂತರ ಓಟದ ದಿನಗಳನ್ನೂ ಒಂದೊಂದಾಗಿ ಸೇರಿಸುತ್ತ ಹೋಗುತ್ತೇವೆ.